ಮಲೆಟ್ ಹೋದ ದಾರಿ: ದಕ್ಷಿಣ ಆಫ್ರಿಕಾದ ಅಳಿವೆಗಳಲ್ಲಿ ಲೀರ್‌ಫಿಸ್ ಬೆನ್ನು ಹತ್ತಿ

ವಿಟ್‌ಸ್ಯಾಂಡ್, ಬ್ರೀಡ್ ನದಿಯ ಅಳಿವೆ

ಕೇಪ್‌ಟೌನ್‌ನಿಂದ ಬರುವವರು ಸ್ವೆಲೆಂಡಮ್ ದಾಟಿದ ಮೇಲೆ ಎನ್2 ಹೆದ್ದಾರಿ ಬಿಟ್ಟು ಬಲಕ್ಕೆ, ಆರ್324 ರಸ್ತೆಗೆ ಹೊರಳಬೇಕು. ಮಾರ್ಚ್ ಮೊದಲ ವಾರದಲ್ಲಿ ಎರಡೂ ಕಡೆ ಕೊಯ್ಲಾದ ಗೋಧಿ ಹೊಲಗಳು. ಕೂಳೆಯ ನಡುವೆ ನೀಲಿ ಕೊಕ್ಕರೆಗಳು ಜೋಡಿ ಜೋಡಿಯಾಗಿ ನಡೆಯುತ್ತಿರುತ್ತವೆ. ರಸ್ತೆ ಕಡಲು ಮುಟ್ಟುವಲ್ಲಿ ವಿಟ್‌ಸ್ಯಾಂಡ್. ನದಿಯ ಆಚೆ ದಡದಲ್ಲಿ ಇನ್‌ಫಾಂಟಾ, ನಡುವೆ ಅಳಿವೆಯ ಅಗಲವಾದ ಬಾಯಿ. ಊರಲ್ಲಿ ಪೆಟ್ರೋಲು, ಬ್ರೆಡ್ಡು, ಐಸು ಸಿಗುತ್ತದೆ. ಗಾಳಹಾಕುವ ಪರವಾನಗಿ ಮಾತ್ರ ಮೊದಲೇ ಕೈಯಲ್ಲಿರಬೇಕು. ಅಂಚೆ ಕಚೇರಿಯಲ್ಲೋ ಮೀನುಗಾರಿಕೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲೋ ಪಡೆಯಬಹುದು. ಒಂದು ತಿಂಗಳಿನ ತಾತ್ಕಾಲಿಕ ಪರವಾನಗಿ ಪ್ರವಾಸಿಗರಿಗೆ ಸಾಕು. ಬೀಸುಬಲೆ ಹಾಕುವವರು ಅದನ್ನೂ ಪರವಾನಗಿಯಲ್ಲಿ ಬೇರೆಯಾಗಿ ನಮೂದಿಸಿಕೊಳ್ಳಬೇಕು. ಗಾಳದ ಪರವಾನಗಿಯೊಂದೇ ಇಟ್ಟುಕೊಂಡು ಬಲೆ ಬೀಸಿದರೆ ದಂಡ.

ಲೀರ್‌ಫಿಸ್ ಬೇರೆ ಮೀನುಗಳನ್ನು ಬೇಟೆಯಾಡುವ ದೊಡ್ಡ ಮೀನು, ವೈಜ್ಞಾನಿಕ ಹೆಸರು ಲಿಕಿಯಾ ಅಮಿಯಾ. ಟ್ರೆವಲಿ ಮೀನುಗಳ ಕುಟುಂಬದ್ದೇ ಆದರೂ ಆ ಕುಲದಲ್ಲಿ ಇರುವುದು ಇದೊಂದೇ ಜಾತಿ. ಮೆಡಿಟರೇನಿಯನ್‌ನಿಂದ ಪಶ್ಚಿಮ ಆಫ್ರಿಕಾದ ಕರಾವಳಿ ಹಿಡಿದು ಇಲ್ಲಿಯವರೆಗೆ ಇದರ ಹರವು. ಬೆನ್ನು ಹಸಿರುಬೂದು, ಹೊಟ್ಟೆ ಬೆಳ್ಳಿ, ಹುರುಪೆಗಳು ಚರ್ಮದೊಳಗೆ ಹುದುಗಿಹೋಗಿ ಮುಟ್ಟಿದರೆ ತೊಗಲಿನ ಹಾಗೆ. ಬದಿಯ ಗೆರೆ ನೇರವಾಗಿರದೆ ಹಾವಿನ ನಡೆಯಂತೆ ಡೊಂಕು. ಬೇರೆ ಮೀನಿನೊಂದಿಗೆ ಗೊಂದಲವಾದರೆ ಆ ಗೆರೆ ನೋಡಿದರೆ ಸಾಕು. ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿದೆ. ಹಲ್ಲುಗಳು ಮಾತ್ರ ಉಪ್ಪುಕಾಗದದಂತೆ ಸಣ್ಣ, ಒತ್ತೊತ್ತು. ಹಾಗಾಗಿ ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ ತುಂಡು, ಅಂದರೆ ಲೀಡರ್, ತಂತಿಯದು ಬೇಡ. ತಂತಿ ಕಟ್ಟಿದರೆ ಎರೆಮೀನು ಸಹಜವಾಗಿ ಈಜುವುದಿಲ್ಲ, ಲೀರ್‌ಫಿಸ್ ಹತ್ತಿರ ಬಂದು ನೋಡಿ ತಿರುಗಿ ಹೋಗುತ್ತದೆ.

ಈ ಮೀನನ್ನು ನೀರಿನಲ್ಲಿ ಹುಡುಕುತ್ತ ಹೋದರೆ ದಿನ ಕಳೆಯುತ್ತದೆ. ಹುಡುಕಬೇಕಾದದ್ದು ಅದು ತಿನ್ನುವ ಸಣ್ಣ ಮೀನು, ಮಲೆಟ್. ಬಾಡಿಗೆ ದೋಣಿಯ ಚಾಲಕ, ಅರವತ್ತು ದಾಟಿದವರು, ಜೆಟ್ಟಿಯ ಮೇಲೆ ಹತ್ತು ನಿಮಿಷ ನೀರನ್ನೇ ನೋಡುತ್ತ ನಿಂತರು. "ಮಲೆಟ್ ಸುಮ್ಮನೆ ಕುಣಿಯುವುದು ಬೇರೆ, ಹೆದರಿ ಹಾರುವುದು ಬೇರೆ" ಎಂದರು. ಆಟಕ್ಕೆ ಹಾರುವ ಮಲೆಟ್ ಒಂದೊಂದೇ, ನೇರ ಮೇಲಕ್ಕೆ ಚಿಮ್ಮಿ ಪಕ್ಕಕ್ಕೆ ಬೀಳುತ್ತದೆ. ಹಿಂದೆ ಲೀರ್‌ಫಿಸ್ ಬಿದ್ದಾಗ ಹತ್ತಾರು ಒಟ್ಟಿಗೆ ಒಂದೇ ದಿಕ್ಕಿಗೆ, ನೀರು ಕೆರೆಯುವಂತೆ ಓಡುತ್ತವೆ. ಅವುಗಳ ಬೆನ್ನಿಗೆ ನೀರು ಉಬ್ಬಿಕೊಂಡು ಬರುತ್ತದೆ.

ಎರೆಮೀನು ಹಿಡಿಯುವ ಕೆಲಸಕ್ಕೆ ಇಲ್ಲಿ ಯಾರೂ ಆತುರ ಮಾಡುವುದಿಲ್ಲ. ಉಬ್ಬರ ಏರುವಾಗ ಮಲೆಟ್ ದಡದ ತೆಳುನೀರಿಗೆ ಬರುತ್ತದೆ, ಅಲ್ಲಿ ಬೀಸುಬಲೆ. ಅದೂ ಹಗಲಿನಲ್ಲೇ. ಒಬ್ಬರಿಗೆ ದಿನಕ್ಕೆ 50 ಮಲೆಟ್ ಮಿತಿ, ಆದರೆ ಬೇಕಾದದ್ದು ಆರೇಳು. 15ರಿಂದ 20 ಸೆಂ.ಮೀ. ಉದ್ದದವು ಸರಿ. ಬಲೆಯಿಂದ ಬಿಡಿಸುವಾಗ ಒಣಕೈ ತಾಗಿದರೆ ಹುರುಪೆ ಕಳಚಿ ಅರ್ಧಗಂಟೆಯಲ್ಲಿ ಸಾಯುತ್ತವೆ. 20 ಲೀಟರ್ ಬಕೆಟ್‌ಗೆ ಐದಾರಕ್ಕಿಂತ ಹೆಚ್ಚು ಹಾಕಬಾರದು, ಬ್ಯಾಟರಿ ಗಾಳಿಪಂಪು ಓಡುತ್ತಿರಬೇಕು, ಕಾಲು ಗಂಟೆಗೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಬೇಕು. ಪಕ್ಕದ ದೋಣಿಯವರು ಹದಿನೈದು ಮಲೆಟ್ ತುಂಬಿದ ಬಕೆಟ್ಟನ್ನು ಬಿಸಿಲಿಗೆ ಇಟ್ಟಿದ್ದರು. ಎಂಟು ಗಂಟೆಗೆಲ್ಲ ಅಷ್ಟೂ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿದ್ದವು. ಗಾಳಿಪಂಪು ಓಡುತ್ತಲೇ ಇತ್ತು. ಕೊಂದದ್ದು ಉಸಿರಿನ ಕೊರತೆಯಲ್ಲ, ಬಿಸಿಯಾದ ನೀರಲ್ಲಿ ಅವುಗಳದೇ ಹೊಲಸು.

ಕಟ್ಟುವ ಕ್ರಮ ಸರಳ. 30 ಪೌಂಡಿನ ಹೆಣೆದ ದಾರ, ಅದರ ತುದಿಗೆ ಎರಡು ಮೀಟರ್ ಉದ್ದದ 0.70 ಮಿ.ಮೀ. ನೈಲಾನ್ ಲೀಡರ್, ಕೊನೆಗೆ 6/0 ಅಳತೆಯ, ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಸೀಸ ಬೇಡ. ಕಾರ್ಕ್ ತೇಲುಗಟ್ಟೆಯನ್ನು ಒಂದೂವರೆ ಮೀಟರ್ ಮೇಲೆ ಹಾಕಿದರೆ ಮಲೆಟ್ ತಳದ ಕಡಲಹುಲ್ಲಿನಲ್ಲಿ ಹೋಗಿ ಅಡಗುವುದಿಲ್ಲ. ದೋಣಿ ಲಂಗರು ಹಾಕಿ ನಿಂತಿದ್ದರೆ ಗಾಳವನ್ನು ಬೆನ್ನಿನ ರೆಕ್ಕೆಯ ಬಳಿ ಚರ್ಮಕ್ಕೆ ಮಾತ್ರ ಚುಚ್ಚಬೇಕು, ಮಲೆಟ್ ತಾನಾಗಿ ದೂರ ಈಜುತ್ತದೆ. ತೇಲುತ್ತ ಸಾಗುವಾಗ ಅಥವಾ ಸೆಳವು ಜೋರಿದ್ದಾಗ ಮೇಲ್ದುಟಿಗೆ ಚುಚ್ಚಬೇಕು. ಸೆಳವಿನಲ್ಲಿ ಬೆನ್ನಿಗೆ ಚುಚ್ಚಿದ ಮಲೆಟ್ ಗಿರಗಿರ ತಿರುಗಿ ದಾರವನ್ನೆಲ್ಲ ಹುರಿ ಮಾಡುತ್ತದೆ.

ಹೆಚ್ಚಿನ ಮೀನು ಕೈತಪ್ಪುವುದು ಕಚ್ಚಿದ ಮರುಕ್ಷಣದಲ್ಲಿ. ಲೀರ್‌ಫಿಸ್ ಮೊದಲು ಮಲೆಟ್ಟನ್ನು ಅಡ್ಡಡ್ಡ ಹಿಡಿಯುತ್ತದೆ. ಹಿಡಿದುಕೊಂಡು ಹತ್ತಿಪ್ಪತ್ತು ಮೀಟರ್ ಓಡಿ ನಿಲ್ಲುತ್ತದೆ. ನಿಂತಲ್ಲಿ ಮಲೆಟ್ಟಿನ ತಲೆಯನ್ನು ಒಳಮುಖ ಮಾಡಿಕೊಂಡು ನುಂಗಿ, ಎರಡನೇ ಓಟ ಶುರು ಮಾಡುತ್ತದೆ. ಮೊದಲ ಓಟಕ್ಕೇ ಕೋಲು ಎಳೆದರೆ ಬರುವುದು ಅರ್ಧ ಹುರುಪೆ ಕಿತ್ತ ಮಲೆಟ್ ಮಾತ್ರ. ರೀಲನ್ನು ಸಡಿಲ ಬಿಟ್ಟು, ಬೆರಳಿನ ಮೇಲೆ ದಾರ ಜಾರಲು ಬಿಡಬೇಕು. ಎರಡನೇ ಓಟದಲ್ಲಿ ಬಿಗಿ ಮಾಡಿ ದಾರ ತಾನಾಗಿ ಸೆಟೆಯುವವರೆಗೆ ಸುಮ್ಮನಿದ್ದರೆ ಸರ್ಕಲ್ ಗಾಳ ಬಾಯಿಯ ಮೂಲೆಗೆ ಹೋಗಿ ಕೂರುತ್ತದೆ. ಜೆ ಆಕಾರದ ಗಾಳ ಇಷ್ಟು ಕಾದರೆ ಕರುಳಿಗೆ ಹೋಗುತ್ತದೆ. ಬಿಡುವ ಮನಸ್ಸಿದ್ದವರು ಅದನ್ನು ಪೆಟ್ಟಿಗೆಯಿಂದಲೇ ತೆಗೆದಿಡುವುದು ಒಳ್ಳೆಯದು.

ಜಾಗದ ವಿಷಯ: ಇಳಿತ ಶುರುವಾದ ಮೊದಲ ಎರಡು ಗಂಟೆ, ಮರಳುದಿಣ್ಣೆ ಮುಗಿದು ಆಳದ ಕಾಲುವೆ ಶುರುವಾಗುವ ಅಂಚು. ದಿಣ್ಣೆಯ ಮೇಲೆ ಮೇಯುತ್ತಿದ್ದ ಮಲೆಟ್ ನೀರು ಇಳಿದಂತೆ ಅಲ್ಲಿಂದಲೇ ಕೆಳಗೆ ಬರಬೇಕು, ಲೀರ್‌ಫಿಸ್ ಅಲ್ಲಿ ಕಾದಿರುತ್ತದೆ. ಬ್ರೀಡ್‌ನಲ್ಲಿ ಉಬ್ಬರ ಸುಮಾರು 50 ಕಿ.ಮೀ. ಒಳನಾಡಿಗೆ ಹೋಗುವುದರಿಂದ ಅಳಿವೆಯ ಬಾಯಿಯಲ್ಲಿ ಇಳಿತ ಶುರುವಾದಾಗ ಮೇಲ್ಗಡೆ ಇನ್ನೂ ಏರುತ್ತಿರುತ್ತದೆ. ದೋಣಿ ಇದ್ದವರು ಅದೇ ಇಳಿತವನ್ನು ಹಿಂಬಾಲಿಸಿ ಮೇಲೆ ಹೋಗಬಹುದು. ದೋಣಿಯ ಎಂಜಿನ್ 15 ಅಶ್ವಶಕ್ತಿ ಮೀರಿದರೆ ನಡೆಸುವವರಿಗೆ ಪ್ರಮಾಣಪತ್ರ ಬೇಕು, ಬಾಡಿಗೆಗೆ ಕೇಳುವಾಗ ಇದನ್ನು ಮೊದಲೇ ವಿಚಾರಿಸಿ. ಮಧ್ಯಾಹ್ನದ ಹೊತ್ತಿಗೆ ಆಗ್ನೇಯದ ಗಾಳಿ ಎದ್ದು ಅಳಿವೆಯೆಲ್ಲ ನೊರೆ ನೊರೆ, ಆಮೇಲೆ ದೋಣಿಯಲ್ಲಿ ಕೂರುವುದು ವ್ಯರ್ಥ.

ಈ ನೀರಿನಲ್ಲಿ ಬುಲ್ ಶಾರ್ಕ್ ಕೂಡ ಇದೆ. 2009ರಲ್ಲಿ ಸಂಶೋಧಕರು ಇಲ್ಲಿ ಸುಮಾರು ನಾಲ್ಕು ಮೀಟರ್ ಉದ್ದದ ಹೆಣ್ಣೊಂದನ್ನು ಹಿಡಿದು ಟ್ಯಾಗ್ ಹಾಕಿ ಬಿಟ್ಟಿದ್ದರು. ಗಾಳಕ್ಕೆ ಸಿಕ್ಕ ಮೀನನ್ನು ಅರ್ಧಗಂಟೆ ಆಡಿಸುತ್ತ ಕೂತರೆ ಶಾರ್ಕ್‌ಗೆ ಊಟ ಬಡಿಸಿದಂತೆ. ರೀಲಿನ ಬ್ರೇಕ್ ಬಿಗಿ ಇಟ್ಟು ಬೇಗ ಎಳೆದು ಮುಗಿಸುವುದೇ ಸರಿ.

ಮಾಲ್ಗಸ್ ದೋಣಿ ದಾಟು

ಮಾಲ್ಗಸ್‌ನ ಪಾಂಟ್ ನೋಡಲೆಂದು ಒಳರಸ್ತೆ ಹಿಡಿದರೆ ಜಲ್ಲಿ, ಧೂಳು. ಚೂಪು ಕಲ್ಲಿಗೆ ಟೈರು ಒಡೆಯಿತು. ಬಾಡಿಗೆ ಕಾರಿನವರು ಡಿಕ್ಕಿಯಲ್ಲಿ ಇಟ್ಟಿದ್ದ ಬದಲಿ ಟೈರು ಸೈಕಲ್ಲಿನದಕ್ಕಿಂತ ಸ್ವಲ್ಪ ದಪ್ಪ. ಜಲ್ಲಿ ರಸ್ತೆಗೆ ಇಳಿಯುವ ಮುಂಚೆ ಟೈರಿನ ಗಾಳಿ ಸ್ವಲ್ಪ ಇಳಿಸಿ, 60ರ ಒಳಗೆ ಓಡಿಸಿದರೆ ಈ ತೊಂದರೆ ಕಡಿಮೆ. ಪಾಂಟ್ ಎಂದರೆ ಎಂಜಿನ್ ಇಲ್ಲದ ತೆಪ್ಪ. ನದಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸೊಂಟಪಟ್ಟಿಯ ಸರಪಳಿ ಸಿಕ್ಕಿಸಿಕೊಂಡು ಇಬ್ಬರು ಗಂಡಸರು ತೆಪ್ಪದ ಮೇಲೆ ಹಿಂದಕ್ಕೆ ನಡೆಯುತ್ತ ಕಾರುಗಳನ್ನು ದಾಟಿಸುತ್ತಾರೆ. ದೇಶದಲ್ಲಿ ಕೈಯಿಂದ ಎಳೆಯುವ ತೆಪ್ಪ ಉಳಿದಿರುವುದು ಇದೊಂದೇ. ಅವರಲ್ಲಿ ಕಿರಿಯವನಿಗೆ ಲೀರ್‌ಫಿಸ್ ಬಗ್ಗೆ ಕೇಳಿದರೆ ನಕ್ಕ: "ಇಲ್ಲಿಯವರೆಗೂ ಬರುತ್ತೆ ಸಾರ್. ಮಳೆಗಾಲದಲ್ಲಿ ಕೆಂಪು ನೀರು ಬಂತು ಅಂದ್ರೆ ಒಂದೂ ಇರಲ್ಲ." ಕಣ್ಣಿನಿಂದ ಬೇಟೆಯಾಡುವ ಮೀನು, ಕೆಸರಿನಲ್ಲಿ ಅದು ಕುರುಡು. ಪ್ರವಾಹದ ನಂತರ ನೀರು ತಿಳಿಯಾಗುವವರೆಗೆ ಅಳಿವೆಯ ಬಾಯಿ ಬಿಟ್ಟು ಒಳಗೆ ಹೋಗುವುದರಲ್ಲಿ ಅರ್ಥವಿಲ್ಲ.

ಸೆಜ್‌ಫೀಲ್ಡ್, ಸ್ವಾರ್ಟ್‌ಫ್ಲೇ

ಪೂರ್ವಕ್ಕೆ ಹೋದಂತೆ ಗೋಧಿ ಹೊಲ ಮುಗಿದು ಕಾಡು, ಸರೋವರ, ತೇವದ ಗಾಳಿ. ಸ್ವಾರ್ಟ್‌ಫ್ಲೇ ಅಳಿವೆ ಸದಾ ಕಡಲಿಗೆ ತೆರೆದಿರುವುದಿಲ್ಲ. ಅಲೆಗಳು ಮರಳು ತಂದು ಬಾಯಿ ಮುಚ್ಚುತ್ತವೆ, ಒಳಗೆ ನೀರು ಏರುತ್ತದೆ, ಮಟ್ಟ ಮನೆಗಳಿಗೆ ಅಪಾಯವಾಗುವ ಹಂತಕ್ಕೆ ಬಂದಾಗ ರಾಷ್ಟ್ರೀಯ ಉದ್ಯಾನದವರು ಯಂತ್ರದಿಂದ ದಿಣ್ಣೆ ಕಡಿದು ಬಿಡುತ್ತಾರೆ. ಈ ಸಲ ಬಾಯಿ ಮುಚ್ಚಿತ್ತು. ದಿಣ್ಣೆಯ ಮೇಲೆ ನಿಂತರೆ ಒಂದು ಕಡೆ ಅಬ್ಬರದ ಕಡಲು, ಇನ್ನೊಂದು ಕಡೆ ಚಹದ ಬಣ್ಣದ ನಿಂತ ನೀರು.

ಲೀರ್‌ಫಿಸ್‌ನ ಬದುಕು ಅರ್ಥವಾಗುವುದು ಇಂಥ ಜಾಗದಲ್ಲಿ. ದೊಡ್ಡ ಮೀನುಗಳು ಚಳಿಗಾಲದಲ್ಲಿ ಕೇಪ್ ಕರಾವಳಿ ಬಿಟ್ಟು ಕ್ವಾಜುಲು ನಟಾಲ್ ಕಡೆ ಹೋಗುತ್ತವೆ, ಅಲ್ಲಿ ಇದನ್ನೇ ಗ್ಯಾರಿಕ್ ಎನ್ನುತ್ತಾರೆ. ವಸಂತದಲ್ಲಿ ಅಲ್ಲಿಯ ಕಡಲಲ್ಲಿ ಮೊಟ್ಟೆ. ಮೊಟ್ಟೆ, ಮರಿಗಳನ್ನು ಅಗುಲಾಸ್ ಪ್ರವಾಹ ನೈಋತ್ಯಕ್ಕೆ ಹೊತ್ತು ತರುತ್ತದೆ. ಸಾವಿರ ಕಿ.ಮೀ.ಗೂ ಹೆಚ್ಚು ತೇಲಿ ಬಂದ ಬೆರಳುದ್ದದ ಮರಿಗಳು ಕೇಪ್‌ನ ಅಳಿವೆಗಳೊಳಗೆ ಸೇರಿ ಬೆಳೆಯುತ್ತವೆ. ಮರಿ ಹಳದಿ, ಮೈಮೇಲೆ ಕಪ್ಪು ಪಟ್ಟೆ, ಒಂದು ಪಕ್ಕಕ್ಕೆ ವಾಲಿ ಉದುರಿದ ಎಲೆಯಂತೆ ಮೇಲ್ಮೈಯಲ್ಲಿ ತೇಲುತ್ತದೆ. ಜೆಟ್ಟಿಯ ನೆರಳಿನಲ್ಲಿ ಅಂಥವು ಎರಡಿದ್ದವು. ನೀರಿಗೆ ಬೆರಳು ತಾಗಿಸಿದ್ದೇ ತಡ, "ಎಲೆ" ಚಿಗರೆಯಂತೆ ನೆಗೆದು ಮಾಯ. ಮರಿಗಳು ಬರುವ ಕಾಲಕ್ಕೆ ಬಾಯಿ ಮುಚ್ಚಿದ್ದರೆ ಆ ವರ್ಷದ ಪೀಳಿಗೆಗೆ ಈ ಮನೆ ಇಲ್ಲ. ಒಳಗಿದ್ದವು ಹೊರಗೆ ಹೋಗುವಂತೆಯೂ ಇಲ್ಲ. ದಿಣ್ಣೆ ಕಡಿಯುವ ದಿನವನ್ನು ಊರಿನವರು ನೀರಿನ ಮಟ್ಟದ ಲೆಕ್ಕದಲ್ಲಿ ಮಾತ್ರ ನೋಡುತ್ತಾರೆ, ಮೀನಿನ ಲೆಕ್ಕದಲ್ಲೂ ನೋಡಬೇಕಾದದ್ದು.

ಮುಚ್ಚಿದ ಅಳಿವೆಯಲ್ಲಿ ಸೆಳವಿಲ್ಲ. ಹಾಗಾಗಿ ಮಲೆಟ್ ಎಲ್ಲಿರುತ್ತದೆ ಎಂದು ಹೇಳುವುದು ಗಾಳಿ. ಗಾಳಿ ತಳ್ಳಿದ ದಡಕ್ಕೆ ನೊರೆ, ಪಾಚಿಚೂರು ಸೇರುತ್ತದೆ, ಮಲೆಟ್ ಅಲ್ಲಿ ಮೇಯುತ್ತದೆ. ಇಲ್ಲಿಯ ಲೀರ್‌ಫಿಸ್ ಬಹುಪಾಲು ಚಿಕ್ಕವು, 40-50 ಸೆಂ.ಮೀ. ಆಸುಪಾಸು, ಅಂದರೆ ಕಾನೂನಿನ ಪ್ರಕಾರ ಬಿಡಲೇಬೇಕಾದವು. ಇವಕ್ಕೆ ಜೀವಂತ ಎರೆಗಿಂತ ಫ್ಲೈ, ಅಂದರೆ ಗರಿ-ನೂಲು ಕಟ್ಟಿದ ಹುಸಿ ಎರೆ, ಎಸೆಯುವ ಕೋಲು ಹೆಚ್ಚು ಒಪ್ಪುತ್ತದೆ. 9-ವೆಯ್ಟ್ ದರ್ಜೆಯ ಕೋಲು, ನಿಧಾನ ಮುಳುಗುವ ದಾರ, 2/0 ಗಾಳಕ್ಕೆ ಕಟ್ಟಿದ ಬಿಳಿ-ಹಸಿರು ಫ್ಲೈ. ಎಳೆತ ಉದ್ದ ಮತ್ತು ವೇಗ. ಕಚ್ಚಿದಾಗ ಕೋಲು ಎತ್ತದೆ ದಾರವನ್ನು ಕೈಯಿಂದಲೇ ಜಗ್ಗಬೇಕು. ಕೋಲು ಎತ್ತಿದರೆ ಫ್ಲೈ ಬಾಯಿಂದ ಆಚೆ ಬರುತ್ತದೆ, ತಪ್ಪಿಸಿಕೊಂಡ ಮೀನು ಮತ್ತೆ ತಿರುಗಿ ಬರುವ ಅವಕಾಶವೂ ಹೋಗುತ್ತದೆ.

ನೈಸ್ನಾ

ಸೆಜ್‌ಫೀಲ್ಡ್‌ನಿಂದ ಅರ್ಧಗಂಟೆಯ ಹಾದಿ. ಇಲ್ಲಿಯ ಅಳಿವೆ ಎರಡು ಬಂಡೆಗುಡ್ಡಗಳ ನಡುವೆ ಸದಾ ತೆರೆದೇ ಇರುತ್ತದೆ, ಕಡಲಿನ ತಿಳಿನೀರು ದಿನಕ್ಕೆರಡು ಸಲ ಒಳಗೆ ಬರುತ್ತದೆ. ಊಟಕ್ಕೆ ಸಿಂಪಿ ಪ್ರಸಿದ್ಧಿ. ಲೀರ್‌ಫಿಸ್ ಮಾತ್ರ ಯಾವ ಹೋಟೆಲಿನ ಪಟ್ಟಿಯಲ್ಲೂ ಇರುವುದಿಲ್ಲ, ಇರಕೂಡದು. ಇದನ್ನು ಮಾರುವುದು ದೇಶದಲ್ಲಿ ನಿಷಿದ್ಧ. ಹವ್ಯಾಸಕ್ಕೆ ಹಿಡಿಯುವವರಿಗೆ ದಿನಕ್ಕೆ ಎರಡು, ಒಂದೊಂದೂ ಕನಿಷ್ಠ 70 ಸೆಂ.ಮೀ. ಯಾರಾದರೂ ಮಾರಲು ಬಂದರೆ ಕೊಳ್ಳದಿರುವುದೇ ಕ್ಷೇಮ, ಕೊಂಡವರೂ ಸಿಕ್ಕಿಬೀಳುತ್ತಾರೆ.

ರೈಲು ನಿಂತುಹೋದ ಹಳೆಯ ಸೇತುವೆ ಇನ್ನೂ ಇದೆ. 2006ರ ಮಳೆಗೆ ಹಳಿ ಕುಸಿದ ಮೇಲೆ ಆ ಉಗಿಬಂಡಿ ಇತ್ತ ಬರಲಿಲ್ಲ. ಕಂಬಗಳ ಸುತ್ತ ಮಲೆಟ್ ಸುಳಿಯುತ್ತದೆ. ನಸುಕಿನಲ್ಲಿ, ಗಾಳಿ ಏಳುವ ಮುಂಚೆ, ನೀರಿನ ಮೇಲ್ಮೈಯಲ್ಲಿ ಎಳೆಯುವ ಹುಸಿ ಮೀನುಗಳಿಗೆ, ಅಂದರೆ ಲೂರ್‌ಗಳಿಗೆ, ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಇಲ್ಲ. 12ರಿಂದ 16 ಸೆಂ.ಮೀ. ಉದ್ದದ, 30-50 ಗ್ರಾಂ ತೂಕದ ಸ್ಟಿಕ್‌ಬೇಟ್ ಅಥವಾ ಪಾಪರ್ ಬಗೆಯ ಲೂರ್ ಸಾಕು. ಅಂಗಡಿಯಿಂದ ತಂದ ಲೂರ್‌ನ ಮೂರು ಮುಳ್ಳಿನ ಗಾಳಗಳನ್ನು ಬಿಚ್ಚಿ ಒಂಟಿ ಗಾಳ ಹಾಕಬೇಕು. ಮೂರು ಮುಳ್ಳಿನದು ಮೀನಿನ ಕಣ್ಣು, ಕಿವಿರು ಎಲ್ಲ ಕೆರೆಯುತ್ತದೆ, ಬಿಡಿಸುವಾಗ ಮೀನು ಒದರಿದರೆ ಉಳಿದ ಮುಳ್ಳು ಅಂಗೈಗೆ. ಗಾಳ ಬದಲಿಸಿದ ಮೇಲೆ ಒಮ್ಮೆ ನೀರಿಗೆ ಬಿಟ್ಟು ನೋಡಿ. ತೂಕ ಕಡಿಮೆಯಾಗಿ ಲೂರ್ ಮಗುಚಿ ಓಡಿದರೆ ಒಂದು ಅಳತೆ ದಪ್ಪ ಗಾಳ ಹಾಕಬೇಕಾಗುತ್ತದೆ.

ಲೀರ್‌ಫಿಸ್‌ಗೆ ಹಿಂಬಾಲಿಸುವ ಚಾಳಿ. ಲೂರ್ ಹಿಂದೆ ನೀರು ಉಬ್ಬುತ್ತದೆ, ರೆಕ್ಕೆಯ ತುದಿ ಕಾಣುತ್ತದೆ, ಆದರೆ ಕಚ್ಚುವುದಿಲ್ಲ. ಆಗ ಹೊಸಬರು ತಿನ್ನಲೆಂದು ಲೂರ್ ನಿಲ್ಲಿಸುತ್ತಾರೆ, ಮೀನು ಅಲ್ಲಿಗೆ ಆಸಕ್ತಿ ಕಳೆದುಕೊಳ್ಳುತ್ತದೆ. ಓಡುವ ಮಲೆಟ್ ಬೆನ್ನಿಗೆ ಬಾಯಿ ಬಂದಾಗ ನಿಲ್ಲುವುದಿಲ್ಲವಲ್ಲ! ವೇಗ ಹೆಚ್ಚಿಸಬೇಕು. ಆಗಲೂ ಕಚ್ಚದಿದ್ದರೆ ಎರಡನೇ ಎಸೆತಕ್ಕೆ ಚಿಕ್ಕ ಲೂರ್. ಇಬ್ಬರಿದ್ದರೆ ಇನ್ನೊಂದು ಉಪಾಯವಿದೆ: ಒಬ್ಬರು ಗಾಳವೇ ಇಲ್ಲದ ಪಾಪರ್ ಎಸೆದು ಮೀನನ್ನು ಕೆಣಕುತ್ತ ಹತ್ತಿರಕ್ಕೆ ತರುವುದು, ಕೊನೆಯ ಹತ್ತು ಮೀಟರಿನಲ್ಲಿ ಪಾಪರ್ ಎತ್ತಿಕೊಂಡ ಕ್ಷಣ ಇನ್ನೊಬ್ಬರು ಅದೇ ಜಾಗಕ್ಕೆ ಫ್ಲೈ ಹಾಕುವುದು. ಸಿಟ್ಟಿಗೆದ್ದ ಮೀನು ನೋಡದೆ ಬಾಯಿ ಹಾಕುತ್ತದೆ.

ಕಚ್ಚಿದ ಮೇಲೆ ಇಲ್ಲಿಯ ಕಷ್ಟ ಲಂಗರು ಹಾಕಿದ ದೋಣಿಗಳು. ಲೀರ್‌ಫಿಸ್ ಆಳಕ್ಕೆ ಹೋಗದು, ಮೇಲ್ಮೈಯಲ್ಲೇ ನೇರ ಓಡುತ್ತದೆ. ಆ ಓಟದ ದಾರಿಯಲ್ಲಿ ಒಂದು ಲಂಗರಿನ ಹಗ್ಗವಿದ್ದರೆ ಮುಗಿಯಿತು, ಚಿಪ್ಪು ಮೆತ್ತಿದ ಹಗ್ಗ ಹೆಣೆದ ದಾರವನ್ನು ಕತ್ತರಿಯಂತೆ ಕತ್ತರಿಸುತ್ತದೆ. ಪಕ್ಕದಲ್ಲಿದ್ದ ಹುಡುಗರ ಗುಂಪಿಗೆ ಹಾಗೇ ಆಯಿತು, ಮೀನೂ ಹೋಯಿತು, ಲೂರ್ ಕೂಡ. ಎಸೆಯುವ ಮುಂಚೆಯೇ ಮೀನು ಯಾವ ಕಡೆ ಓಡಬಹುದು ಎಂದು ನೋಡಿ, ದೋಣಿಗಳಿಗೆ ಬೆನ್ನು ಮಾಡಿ ನಿಲ್ಲಬೇಕು.

ಬಿಡುವ ಮೀನನ್ನು ದವಡೆ ಹಿಡಿದು ತೂಗಬಾರದು. ಹತ್ತು ಕಿಲೋ ಮೀನಿನ ಕತ್ತಿನ ಕೀಲು ಆ ಭಾರಕ್ಕೆ ಮಾಡಿದ್ದಲ್ಲ. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಕೆಳಗೆ, ಅಳತೆಗೆ ಒದ್ದೆ ಚಾಪೆ. ಕ್ಯಾಮೆರಾ ತಯಾರಾದ ಮೇಲೆ ಮಾತ್ರ ನೀರಿನಿಂದ ಎತ್ತಬೇಕು. ಬಿಡುವಾಗ ತಲೆಯನ್ನು ಸೆಳವಿಗೆ ಎದುರು ಹಿಡಿದರೆ ಕಿವಿರಿನೊಳಗೆ ನೀರು ಹಾಯುತ್ತದೆ. ಬಾಲ ಒದೆಯಲು ಶುರುಮಾಡಿದಾಗ ಕೈ ಸಡಿಲಿಸಿದರೆ ಸಾಕು, ತಳ್ಳಬೇಕಿಲ್ಲ.

ಪ್ಲೆಟೆನ್‌ಬರ್ಗ್ ಬೇ, ರೋಬರ್ಗ್

ಎರಡು ದಿನ ಪೂರ್ವದ ಗಾಳಿ ಬೀಸಿತ್ತು. ಬಿಸಿಲು ಚುರುಚುರು, ಆದರೆ ಕಡಲಿಗೆ ಕಾಲಿಟ್ಟವರು ಕಿರುಚಿ ಹಿಂದೆ ಓಡುತ್ತಿದ್ದರು. ಬೇಸಿಗೆಯಲ್ಲಿ ಪೂರ್ವದ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದಡದಿಂದಾಚೆ ತಳ್ಳುತ್ತದೆ, ಆ ಜಾಗಕ್ಕೆ ತಳದ ತಣ್ಣೀರು ಎದ್ದು ಬರುತ್ತದೆ. 20 ಡಿಗ್ರಿ ಆಚೀಚೆ ಇದ್ದದ್ದು ಒಂದೆರಡು ದಿನದಲ್ಲಿ 13-14ಕ್ಕೆ ಇಳಿಯುವುದುಂಟು. ಅಂಥ ದಿನ ತೆರೆದ ತೀರದಲ್ಲಿ ಲೀರ್‌ಫಿಸ್‌ಗೆ ಕಾಯುವುದಕ್ಕಿಂತ ರೋಬರ್ಗ್ ಗುಡ್ಡ ಹತ್ತಿ ಸೀಲ್‌ಗಳನ್ನು ನೋಡುವುದು ಲಾಭ. ಮೀನು ಬೇಕೆಂದರೆ ಬೆಚ್ಚಗಿರುವ ಅಳಿವೆಯೊಳಗೆ ಹೋಗಬೇಕು. ಜೇಬಿನಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇದ್ದರೆ ಪೆಟ್ರೋಲು ಉಳಿಯುತ್ತದೆ.

ಸಂಡೇಸ್ ನದಿ

ಬ್ಲೌಕ್ರಾನ್ಸ್ ಸೇತುವೆಯ 216 ಮೀಟರ್ ಆಳದ ಮೇಲೆ ಹಾದು, ಟೋಲ್ ಕಟ್ಟಿ, ಪೋರ್ಟ್ ಎಲಿಜಬೆತ್ ದಾಟಿದರೆ ಕೊಲ್ಚೆಸ್ಟರ್. ಪೋರ್ಟ್ ಎಲಿಜಬೆತ್‌ಗೆ 2021ರಿಂದ ಅಧಿಕೃತವಾಗಿ ಬೇರೆ ಹೆಸರಿದೆ, ರಸ್ತೆ ಫಲಕಗಳಲ್ಲಿ ಎರಡನ್ನೂ ಕಾಣಬಹುದು. ಸಂಡೇಸ್ ಕಿರಿದಾದ ಅಳಿವೆ, ಬಾಯಿಯ ಬಳಿ ಮರಳಿನ ಬೆಟ್ಟಗಳೇ. ಇಲ್ಲಿಗೆ ಬರುವವರ ಮನಸ್ಸೆಲ್ಲ ಕಾಬ್ ಮೀನಿನ ಮೇಲೆ. ಅವರು ತಳಕ್ಕೆ ಬಿಟ್ಟ ಮಲೆಟ್‌ಗೆ ಲೀರ್‌ಫಿಸ್ ಅಕಸ್ಮಾತ್ ಬೀಳುತ್ತದೆ. ಎರಡರ ನಿಯಮ ಬೇರೆ. ಅಳಿವೆಯ ಕಾಬ್ ದಿನಕ್ಕೆ ಒಂದೇ, ಕನಿಷ್ಠ 60 ಸೆಂ.ಮೀ. ಅಳತೆಪಟ್ಟಿ ಕೈಯಲ್ಲಿ ಇಲ್ಲದವರು ಅಂದಾಜಿನಲ್ಲಿ ಮೀನು ಇಟ್ಟುಕೊಳ್ಳಬಾರದು.

ಪೋರ್ಟ್ ಆಲ್ಫ್ರೆಡ್, ಕೌವಿ

ಆರ್72 ರಸ್ತೆ ಅನಾನಸ್ ತೋಟಗಳ ಕಡೆಗೆ ಹೋಗುತ್ತದೆ. ಕೌವಿ ನದಿ ಕಡಲು ಸೇರುವಲ್ಲಿ ಎರಡು ಕಲ್ಲಿನ ಗೋಡೆಗಳು, ಅವುಗಳ ಮೇಲೆ ಬೆಳಗ್ಗಿನಿಂದ ಸಂಜೆವರೆಗೆ ಗಾಳದವರು. ಇಲ್ಲಿ ಲೀಡರ್ ಬಗ್ಗೆ ಮೊದಲು ಹೇಳಿದ ಮಾತಿಗೆ ಒಂದು ತಿದ್ದುಪಡಿ ಬೇಕು. ಎಲ್ಫ್ ಮೀನಿನ ಗುಂಪು ಬಂದಾಗ ಅವುಗಳ ಕತ್ತರಿ ಹಲ್ಲಿಗೆ ನೈಲಾನ್ ಉಳಿಯುವುದಿಲ್ಲ, ಎರೆಯ ಬಾಲ ಮಾತ್ರ ಸೀಳಿಹೋಗಿರುತ್ತದೆ. ಆಗ ತಂತಿ ಕಟ್ಟುವ ಬದಲು ಎಲ್ಫ್ ಗುಂಪು ಸಾಗುವವರೆಗೆ ಕಾಯುವುದೇ ಮೇಲು, ಏಕೆಂದರೆ ಅದರ ಹಿಂದೆಯೇ ಲೀರ್‌ಫಿಸ್ ಬರುವುದು. ಎಲ್ಫನ್ನೇ ಜೀವಂತ ಎರೆಯಾಗಿ ಬಿಡುವವರೂ ಇದ್ದಾರೆ. ಅದಕ್ಕೂ 30 ಸೆಂ.ಮೀ. ಮಿತಿ ಅನ್ವಯ, ದಿನಕ್ಕೆ ನಾಲ್ಕು, ಅಕ್ಟೋಬರ್-ನವೆಂಬರ್‌ನಲ್ಲಿ ಪೂರ್ತಿ ಬಂದ್.

ಗೋಡೆಯ ಮೇಲೆ ಮಡಚುಕುರ್ಚಿ ಹಾಕಿ ಕೂತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಪೆಟ್ಟಿಗೆಯಿಂದ ತೆಳ್ಳನೆಯ ಪ್ಲಾಸ್ಟಿಕ್ ಟ್ಯಾಗ್‌ಗಳನ್ನು ತೆಗೆದು ತೋರಿಸಿದರು. ಡರ್ಬನ್ನಿನ ಸಾಗರ ಸಂಶೋಧನಾ ಸಂಸ್ಥೆ 1984ರಿಂದ ನಡೆಸುತ್ತಿರುವ ಟ್ಯಾಗಿಂಗ್ ಯೋಜನೆಯ ಸದಸ್ಯೆ ಅವರು. ಹವ್ಯಾಸಿಗಳೇ ಮೀನು ಹಿಡಿದು, ಅಳೆದು, ಬೆನ್ನಿನ ರೆಕ್ಕೆಯ ಬುಡಕ್ಕೆ ಟ್ಯಾಗ್ ಚುಚ್ಚಿ ಬಿಡುತ್ತಾರೆ. ಕೇಪ್‌ನ ಲೀರ್‌ಫಿಸ್ ನಟಾಲ್‌ಗೆ ಹೋಗುತ್ತದೆ ಎಂಬುದಕ್ಕೆ ಪುರಾವೆ ಬಂದದ್ದು ಇಂಥ ಟ್ಯಾಗ್‌ಗಳಿಂದ. "ನಾನು ಬಿಟ್ಟದ್ದನ್ನು ಅಲ್ಲಿ ಯಾರೋ ಹಿಡಿದರು ಅಂತ ಕಾಗದ ಬಂದರೆ ಮಗಳ ಊರಿಂದ ಸುದ್ದಿ ಬಂದ ಹಾಗೆ" ಎಂದು ನಕ್ಕರು. ಈಗ ಇದರ ಜೊತೆಗೆ ಹೊಟ್ಟೆಯೊಳಗೆ ಇಡುವ ಶಬ್ದದ ಟ್ಯಾಗ್‌ಗಳೂ, ಅವುಗಳ ಸದ್ದು ಹಿಡಿಯಲು ನದಿ ಮತ್ತು ಕಡಲ ತಳದಲ್ಲಿ ಇಟ್ಟ ಉಪಕರಣಗಳೂ ಇವೆ.

ಟ್ಯಾಗ್ ಇರುವ ಮೀನು ಗಾಳಕ್ಕೆ ಬಿದ್ದರೆ ಏನು ಮಾಡಬೇಕೆಂದು ಅವರೇ ಹೇಳಿಕೊಟ್ಟರು. ಮೊದಲು ಟ್ಯಾಗ್ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದು ಸಂಖ್ಯೆ ಓದಬೇಕು, ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ ಅಳೆಯಬೇಕು. ಕಾನೂನಿನ 70 ಸೆಂ.ಮೀ. ಬಾಲದ ತುದಿಯವರೆಗಿನ ಅಳತೆ, ಇವೆರಡನ್ನು ಬೆರೆಸಿದರೆ ಲೆಕ್ಕವೆಲ್ಲ ಕೆಡುತ್ತದೆ. ತಾರೀಖು, ಜಾಗ ಬರೆದುಕೊಂಡು ಟ್ಯಾಗ್ ಮೇಲಿನ ವಿಳಾಸಕ್ಕೆ ತಿಳಿಸಬೇಕು. ಮೀನನ್ನು ಬಿಡುವುದಾದರೆ ಟ್ಯಾಗನ್ನು ಕೀಳಬಾರದು.